ನೀಲಿ ಅಂಗಿಯ ಮೇಲೊಂದು ವಜ್ರದ ಸರ

ಎಲ್ಲಕ್ಕೂ ಕಾರಣ ವಾರಪತ್ರಿಕೆಯ ಒಂದು ಪುಟ. ಬಿಳಿ ಅಂಗಿ, ಮಾಸಿದ ಜೀನ್ಸ್ ತೊಟ್ಟ ಸಿನಿಮಾ ನಟಿಯೊಬ್ಬಳು ತರಕಾರಿ ಚೀಲ ಹಿಡಿದು ನಡೆಯುತ್ತಿದ್ದಳು. ಕೊರಳಲ್ಲಿ ಮಾತ್ರ ಕಣ್ಣು ಕೋರೈಸುವ ವಜ್ರದ ಸರ. 'ಒಡವೆಯನ್ನು ಪೆಟ್ಟಿಗೆಯಲ್ಲಿ ಕೊಳೆಸಬೇಡಿ, ನಿತ್ಯದ ಬಟ್ಟೆಯ ಜೊತೆ ತೊಡಿ' ಎಂದು ಕೆಳಗೆ ಬರೆದಿತ್ತು. ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ ಸೊಸೆಗೆ ಅದು ತನ್ನನ್ನೇ ಕರೆದು ಹೇಳಿದಂತಾಯಿತು. ಅಂಥದೊಂದು ಸರ ಮನೆಯಲ್ಲೇ ಇತ್ತು. ಅವಳದಲ್ಲ, ಅತ್ತೆಯದು.

ಅತ್ತೆ ಅದನ್ನು ಉಲ್ಲನ್ ಉಂಡೆಗಳ ಡಬ್ಬಿಯ ತಳದಲ್ಲಿಟ್ಟು, ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ತಂಗಿಯ ಮನೆಗೆ ಹೊರಡುವಾಗ ಕೀಲಿಯನ್ನು ಸೊಸೆಯ ಅಂಗೈಯಲ್ಲಿಟ್ಟು, "ಹೆತ್ತ ಮಗಳ ಕೈಗೂ ಇದನ್ನ ಕೊಟ್ಟೋಳಲ್ಲ ಕಣಮ್ಮಾ. ನಿನ್ನ ಹತ್ರ ಇದ್ರೆ ನಂಗೆ ನೆಮ್ಮದಿಯಾಗಿ ನಿದ್ದೆ ಬರತ್ತೆ" ಅಂದಿದ್ದರು. ಇವತ್ತು ಸಂಜೆ ಅವರು ವಾಪಸ್ಸು ಬರುವವರು.

ಒಂದು ನಿಮಿಷ ಹಾಕಿ ನೋಡಿ ತೆಗೆದಿಡೋಣ ಎಂದುಕೊಂಡು ಸೊಸೆ ತನ್ನ ನೀಲಿ ಹತ್ತಿ ಅಂಗಿಯ ಮೇಲೆ ಸರ ಹಾಕಿಕೊಂಡಳು. ಕನ್ನಡಿಯೊಳಗಿನವಳು ಚೆಂದ ಕಂಡಳು. ಹುಸಿ ತರಕಾರಿ ಚೀಲ ಹಿಡಿದು ನಾಲ್ಕು ಹೆಜ್ಜೆ ನಡೆದೂ ಆಯಿತು. ಆಮೇಲೆ ತೆಗೆಯಲು ಹೋದಳು. ಕೊಂಡಿ ಬಿಚ್ಚಲಿಲ್ಲ.

ತಿರುಗಿಸಿದಳು, ಜಗ್ಗಿದಳು, ಸಾಬೂನು ಹಚ್ಚಿದಳು, ಕೊನೆಗೆ ಬೇಡಿಕೊಂಡಳು. ಕೊಂಡಿ ಹಲ್ಲು ಕಚ್ಚಿಕೊಂಡು ಕೂತಿತ್ತು. ಗಂಡ ಆಗಲೇ ಕೆಲಸಕ್ಕೆ ಹೋಗಿದ್ದ. ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಜಾಮ್ ಬಾಟಲಿಯ ಮುಚ್ಚಳವನ್ನೇ ನೆಂಟರ ಕೈಲಿ ತೆಗೆಸುವ ಆಸಾಮಿ. ಅಂಗಡಿಗೆ ಹೊತ್ತಾಗುತ್ತಿತ್ತು. ಗುಂಡಿಗಳನ್ನು ಗಂಟಲವರೆಗೂ ಹಾಕಿ, ಮೇಲೊಂದು ಮಫ್ಲರ್ ಸುತ್ತಿ ಹೊರಟಳು. ಹೊರಗೆ ಬಿಸಿಲು ಕಾದ ಹಂಚಿನಂತಿತ್ತು.

ಮೆಟ್ಟಿಲಲ್ಲೇ ಎದುರುಮನೆಯ ಆಂಟಿ ಸಿಕ್ಕರು. ಬೆನ್ನ ಹಿಂದೆ ಎಲ್ಲರೂ ಅವರನ್ನು 'ರೇಡಿಯೋ' ಎನ್ನುತ್ತಿದ್ದರು, ಆರಿಸುವ ಗುಂಡಿಯೇ ಇಲ್ಲದ ರೇಡಿಯೋ.

"ಅಯ್ಯೋ, ಈ ಸೆಕೇಲಿ ಮಫ್ಲರಾ? ಏನಾಯ್ತೇ?"

"ಗಂಟಲು ನೋವು ಆಂಟಿ."

"ಎಲ್ಲಿ, ಆ ಅನ್ನು."

ಅವಳು ಆ ಅಂದಳು. ಎದೆ ಡವಗುಟ್ಟುವುದು ಬಾಯಿಂದ ಕೇಳಿಸೀತೇನೋ ಎಂದು ಹೆದರಿದಳು.

"ಕೆಂಪಗಿದೆ, ಉಪ್ಪುನೀರು ಮುಕ್ಕಳಿಸು. ಮಧ್ಯಾಹ್ನ ನಿಮ್ಮಂಗಡಿಗೇ ಬರ್ತೀನಿ, ಕನ್ನಡಕದ ಕಡ್ಡಿ ಮುರಿದಿದೆ."

ಬಸ್ಸಿನಲ್ಲಿ ಇದ್ದವರೆಲ್ಲ ಕಳ್ಳರಂತೆಯೇ ಕಂಡರು. ಪಕ್ಕದ ಅಜ್ಜ ತೂಕಡಿಸುತ್ತ ಅವಳ ಹೆಗಲಿಗೆ ತಲೆ ಒರಗಿಸಿದಾಗ, ಸರವನ್ನು ಹಲ್ಲಲ್ಲೇ ಕಚ್ಚಿ ಎಳೆಯುವ ಉಪಾಯವಿದು ಎಂದು ಬೆವರಿದಳು. ಅಜ್ಜನ ಬಾಯಲ್ಲಿ ಹಲ್ಲೇ ಇಲ್ಲವೆಂದು ಇಳಿಯುವಾಗ ತಿಳಿಯಿತು.

ಕನ್ನಡಕದಂಗಡಿಯೆಂದರೆ ಕನ್ನಡಿಗಳ ಸಂತೆ. ಎತ್ತ ತಿರುಗಿದರೂ ಮಫ್ಲರ್ ಸುತ್ತಿದ ಅಪರಾಧಿಯೊಬ್ಬಳು ಅವಳನ್ನೇ ದಿಟ್ಟಿಸುತ್ತಿದ್ದಳು. ಒಳಗೆ ಗಾಜು ಉಜ್ಜುವ ಕೆಲಸದವನಿದ್ದ, ಎಲ್ಲರ ಬಾಯಲ್ಲಿ ಗಾಜಣ್ಣ. ಮಧ್ಯಾಹ್ನ ಅವನ ಯಂತ್ರದ ಬಳಿ ಲೆನ್ಸ್ ಇಸಿದುಕೊಳ್ಳಲು ಬಗ್ಗಿದಳು. ಮಫ್ಲರಿನ ತುದಿ ತಿರುಗುವ ಚಕ್ರಕ್ಕೆ ಸಿಕ್ಕಿತು. ಚಕ್ರ ಅವಳನ್ನು ಕೊರಳು ಹಿಡಿದು ಎಳೆಯತೊಡಗಿತು.

"ಏಯ್, ಸಾಯ್ತೀಯಾ!" ಗಾಜಣ್ಣ ಒಂದು ಕೈಯಲ್ಲಿ ಸ್ವಿಚ್ ಆರಿಸಿ, ಇನ್ನೊಂದು ಕೈಯಲ್ಲಿ ಮಫ್ಲರ್ ಕಿತ್ತೆಸೆದ. ಅದರ ಜೊತೆ ಅಂಗಿಯ ಮೇಲಿನ ಗುಂಡಿಗಳೂ ಹಾರಿದವು. ಅಷ್ಟೂ ಕನ್ನಡಿಗಳಲ್ಲಿ ಒಟ್ಟಿಗೇ ವಜ್ರ ಝಗ್ ಎಂದಿತು.

ಅದೇ ಗಳಿಗೆಗೆ ಬಾಗಿಲಲ್ಲಿ ರೇಡಿಯೋ ಆಂಟಿ. "ವಜ್ರಾನೇನೇ ಅದು?"

ಆ ದನಿಗೆ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಒಳಗಿಣುಕಿದರು. ಸೊಸೆಯ ಜೀವ ಬಾಯಿಗೆ ಬಂತು. "ನಕಲಿ ಆಂಟಿ! ಬರೀ ಗಾಜು! ಸಿನಿಮಾದವರು ಹಾಕ್ಕೋತಾರಲ್ಲ, ಹಾಗೆ."

"ನಿಮ್ಮತ್ತೆ ಸರದ ಹಾಗೇ ಇದೆಯಲ್ಲೇ?"

"ಅದನ್ನೇ ನೋಡಿ, ಅದೇ ಥರದ್ದು ತಗೊಂಡೆ."

ಗಾಜಣ್ಣ ಭೂತಗನ್ನಡಿ ಹಿಡಿದು ಹತ್ತಿರ ಬಂದ.

"ಗಾಜೇ," ಅಂದ. "ಅದೂ ಮೂರನೇ ದರ್ಜೆ. ಹುಟ್ಟಿದಾಗಿಂದ ಗಾಜು ಉಜ್ಜಿದ ಕೈ ಇದು. ನನ್ನ ಕಣ್ಣಿಗೆ ಮಣ್ಣೆರಚೋಕಾಗಲ್ಲ."

ಇಣುಕಿದ್ದವರು ಮುಖ ತಿರುಗಿಸಿ ಹೋದರು. ಅವಳಿಗೆ ಅವನ ಕಾಲಿಗೆ ಬೀಳೋಣ ಅನಿಸಿತು. "ಹಂಗೇ ಈ ಕೊಂಡಿ ಸ್ವಲ್ಪ ಬಿಚ್ಚಿಕೊಡಣ್ಣ."

ಅವನು ಇಕ್ಕಳ ತಂದ. "ಗಾಜು ತಾನೇ? ಒಂದೇ ಏಟಿಗೆ ಕತ್ತರಿಸಿಬಿಡ್ತೀನಿ."

"ಬೇಡಾ!" ಅವಳು ಕಿರುಚಿದ ರಭಸಕ್ಕೆ ಗಿರಾಕಿಯೊಬ್ಬರ ಕೈಯಿಂದ ಫ್ರೇಮು ಜಾರಿತು.

ಸಂಜೆ ಓಡೋಡಿ ಮನೆಗೆ ಬಂದರೆ ಬಾಗಿಲಲ್ಲಿ ಮೂರು ಜೊತೆ ಚಪ್ಪಲಿ. ಅತ್ತೆ ಬೇಗ ಬಂದಿದ್ದರು, ಜೊತೆಗೆ ನಾದಿನಿ; ಬಂದವಳೇ ಸ್ನಾನಕ್ಕೆ ಹೋಗಿದ್ದಳು. ಸೋಫಾದ ಮೇಲೆ ರೇಡಿಯೋ ಆಂಟಿ. ವಾರ್ತೆ ಆಗಲೇ ಬಿತ್ತರವಾಗಿತ್ತು.

"ಬಾಮ್ಮಾ, ಎಲ್ಲಿ ನೋಡೋಣ ನಿನ್ನ ಗಾಜಿನ ಸರ," ಎಂದು ಅತ್ತೆ ಅವಳ ಹೆಗಲು ಹಿಡಿದು ತಿರುಗಿಸಿದರು. ಅತ್ತೆ ಕೊಂಡಿಗೆ ಕೈ ಹಾಕಿ, ಒಳಕ್ಕೆ ಒತ್ತಿ ಎಳೆದರು. ಬಿಚ್ಚಿತು! "ನಂದೂ ಹೀಗೇ, ಒತ್ತಿ ಎಳೀಬೇಕು. ಕೊಂಡಿಯ ಮೊಂಡಾಟಾನೂ ನಕಲು ಮಾಡಿದಾರಲ್ಲೇ! ಆದ್ರೂ ನನ್ನದರ ಹೊಳಪು ಇದಕ್ಕಿಲ್ಲ ಬಿಡು."

ಸರ ಕೈಲಿ ಹಿಡಿದೇ ಅವಳನ್ನು ಅಡುಗೆಮನೆಗೆ ಎಳೆದೊಯ್ದು ಪಿಸುಗುಟ್ಟಿದರು. "ನಿನ್ನ ನಾದಿನಿ ಬಂದಿರೋದು ನನ್ನ ಸರ ಕೇಳೋಕೆ. ಸಮುದ್ರದ ಹತ್ರ ಪ್ರವಾಸ ಹೊರಟಿದಾಳೆ, ಫೋಟೋ ತೆಗೆಸ್ಕೋಬೇಕಂತೆ. ಅವಳ ಕೈಗೆ ಕೊಟ್ಟಿದ್ದು ಯಾವುದು ಉಳಿದಿದೆ ಹೇಳು? ಉಂಗುರ ಕಳೆದ್ಲು, ವಾಚ್ ಕಳೆದ್ಲು, ಒಂದ್ಸಲ ಗಂಡನ್ನೇ ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದ್ಲು. ಇಲ್ಲ ಅಂದ್ರೆ ಮನಸ್ತಾಪ. ಈ ಗಾಜಿಂದೇ ನನ್ನದು ಅಂತ ಕೊಟ್ಟುಬಿಡ್ತೀನಿ."

"ಅತ್ತೆ, ಅದು... ಅದು..."

"ಗೊತ್ತಮ್ಮಾ, ನೀನು ಆಸೆಪಟ್ಟು ತಗೊಂಡಿದ್ದು." ಅತ್ತೆ ಅವಳ ಕೆನ್ನೆ ಸವರಿದರು. ಕಣ್ಣು ಒದ್ದೆಯಾಗಿತ್ತು. "ಬೇರೆಯವಳಾಗಿದ್ರೆ ನಾನಿಲ್ಲದಾಗ ನನ್ನ ಸರಾನೇ ಹಾಕ್ಕೊಂಡು ಮೆರೀತಿದ್ಲು. ಕೀಲಿ ಕೈಯಲ್ಲಿದ್ರೂ ನೀನು ಮುಟ್ಟಲಿಲ್ಲ. ಗಾಜಲ್ಲೇ ಆಸೆ ತೀರಿಸ್ಕೊಂಡೆ."

ನಾಲಿಗೆಯ ತುದಿಗೆ ಬಂದಿದ್ದ ನಿಜ ಮತ್ತೆ ಹೊಟ್ಟೆಗೆ ಇಳಿಯಿತು.

ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ನಾದಿನಿ ಟೀ ಶರ್ಟಿನ ಮೇಲೆ ಸರ ಹಾಕಿಕೊಂಡು ಕುಣಿಯುತ್ತಿದ್ದಳು. "ಅತ್ತಿಗೆ, ಪತ್ರಿಕೇಲಿ ಆ ನಟಿ ಹಾಕ್ಕೊಂಡಿದ್ದ ಹಾಗೇ ಇಲ್ವಾ? ಇದನ್ನ ಹಾಕ್ಕೊಂಡೇ ಈಜ್ತೀನಿ!"

"ಬೇಡ, ಕೊಂಡಿ... ಕೊಂಡಿ ಸಡಿಲ!" ಎಂದು ಸೊಸೆ ಮೆಟ್ಟಿಲಿಳಿದು ಬೀದಿಯವರೆಗೂ ಓಡಿದಳು. ಟ್ಯಾಕ್ಸಿ ತಿರುವು ದಾಟಿತು. ಕಿಟಕಿಯಿಂದ ಬೀಸುತ್ತಿದ್ದ ಕೈಯೊಂದು ಮಾತ್ರ ಕಂಡಿತು.

ಕಾಲೆಳೆದುಕೊಂಡು ಒಳಗೆ ಬಂದಳು. ಅತ್ತೆ ಅವಳ ಚೀಲದಲ್ಲಿದ್ದ ಕೀಲಿಯಿಂದ ಬೀರು ತೆರೆದು, ಉಲ್ಲನ್ ಡಬ್ಬಿ ತೆಗೆದು ಸೋಫಾದ ಮೇಲೆ ಕೂತಿದ್ದರು. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟರು.

"ಇವತ್ತಿಂದ ಅಸಲಿ ನಿಂದೇ ಕಣಮ್ಮಾ. ಆಫೀಸಿಗೋ ಅಂಗಡಿಗೋ, ದಿನಾ ಹಾಕ್ಕೋ. ತೆಗಿ, ನಿನ್ನ ಕೈಯಿಂದ್ಲೇ ತೆಗಿ."

ಸೊಸೆ ಮುಚ್ಚಳ ತೆರೆದಳು. ಕೆಂಪು ಉಂಡೆ ತೆಗೆದಿಟ್ಟಳು. ಆಮೇಲೆ ಹಳದಿ. ಆಮೇಲೆ, ಆದಷ್ಟು ನಿಧಾನವಾಗಿ, ಹಸಿರು.

"ನಾನೂ ಒಂದ್ಸಲ ಅಸಲಿ ನೋಡಿಯೇ ಹೋಗ್ತೀನಿ," ಎಂದ ರೇಡಿಯೋ ಆಂಟಿ, ಗಾಜಣ್ಣ ಆವತ್ತೇ ರಿಪೇರಿ ಮಾಡಿಕೊಟ್ಟ ಕನ್ನಡಕ ಏರಿಸಿಕೊಂಡು, ಡಬ್ಬಿಯ ಹತ್ತಿರಕ್ಕೆ ಜರುಗಿ ಕೂತರು.