ಅತ್ತೆಯವರ ವಯಸ್ಸೂ ಲಿಫ್ಟಿನ ನಿಯಮವೂ

ನೆಲಮಹಡಿಯಿಂದ ನಾಲ್ಕನೆಯ ಮಹಡಿಯವರೆಗೆ ಬಡವ ಬಲ್ಲಿದರೆನ್ನದೆ ಎಲ್ಲರನ್ನೂ ಒಂದೇ ನರಳಾಟದಿಂದ ಹೊತ್ತೊಯ್ಯುವ ನಮ್ಮ ಕಟ್ಟಡದ ಲಿಫ್ಟ್ ಮಹಾಶಯರ ಸನ್ನಿಧಿಗೆ, ನಾಲ್ಕನೆಯ ಮಹಡಿಯ ಮನೆ ಅಳಿಯನ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಮ್ಮ ಕನ್ನಡಿ, ತಮ್ಮ ಫ್ಯಾನು, ಒತ್ತಿದರೆ ಮೂರಕ್ಕೆ ಕರೆದೊಯ್ಯುವ ತಮ್ಮ ಎರಡನೆಯ ಗುಂಡಿ, ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ದೂರು ತಮ್ಮ ಮೇಲಲ್ಲ. ಆದರೆ ಕರೆದರೆ ಬಾಗಿಲು ತೆರೆಯುವವರು ಈ ಕಟ್ಟಡದಲ್ಲಿ ತಾವೊಬ್ಬರೇ ಆದ್ದರಿಂದ ತಮಗೇ ಬರೆಯುತ್ತಿದ್ದೇನೆ.

ತಾವು ಇಲ್ಲಿಗೆ ಬಂದಾಗ ಆದ ಒಪ್ಪಂದ ತಮಗೆ ನೆನಪಿರಬಹುದು: ಎಲ್ಲರೂ ತಿಂಗಳು ತಿಂಗಳು ವಂತಿಗೆ ಕಟ್ಟಬೇಕು, ಅರವತ್ತು ತುಂಬಿದವರು ಪುಕ್ಕಟೆ ಓಡಾಡಬೇಕು. ಟೆಲಿಫೋನ್ ಆಪರೇಟರ್ ಆಗಿದ್ದ ನಮ್ಮ ಅತ್ತೆಯವರು ಆಗ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬರುತ್ತಿದ್ದರೂ ಒಂದು ತಿಂಗಳನ್ನೂ ತಪ್ಪಿಸದೆ ಕಟ್ಟಿದವರು. ಆದರೆ ನಮ್ಮ ಸಂಘದ ಅಧ್ಯಕ್ಷರೂ ನೆಲಮಹಡಿಯ ನಿವಾಸಿಯೂ ಆದ ದಂತವೈದ್ಯರು, ಟೀವಿಯಲ್ಲಿ ದೇಶದ ಪಿಂಚಣಿ ಚರ್ಚೆ ನೋಡಿ, ‘ಆರ್ಥಿಕ ಸುಸ್ಥಿರತೆ’ ಎಂಬ ಮಾತನ್ನು ಮನೆಗೆ ತಂದುಕೊಂಡರು. ‘ಮುದುಕರು ಜಾಸ್ತಿಯಾದರು, ಕಟ್ಟೋರು ಕಮ್ಮಿಯಾದರು’ ಎಂದು ಹೇಳಿ, ಅತ್ತೆಯವರಿಗೆ ಇನ್ನೇನು ಅರವತ್ತು ಎನ್ನುವಾಗ ಮಿತಿಯನ್ನು ಅರವತ್ತೈದಕ್ಕೂ, ಇನ್ನೇನು ಅರವತ್ತೈದು ಎನ್ನುವಾಗ ಎಪ್ಪತ್ತಕ್ಕೂ ಏರಿಸಿದರು. ತಮ್ಮ ನೆರವಿಲ್ಲದೆ ಈ ಕಟ್ಟಡದಲ್ಲಿ ಮೇಲಕ್ಕೆ ಹೋದದ್ದು ಅದೊಂದೇ.

ಈಗ ಅತ್ತೆಯವರ ಮಂಡಿ ಕೈಕೊಟ್ಟಿದೆ. ಎಪ್ಪತ್ತಕ್ಕೆ ಇನ್ನೂ ವರ್ಷಗಳಿವೆ, ಅವರು ವಂತಿಗೆ ನಿಲ್ಲಿಸಿದ್ದಾರೆ, ಕಟ್ಟದವರು ತಮ್ಮನ್ನು ಹತ್ತುವಂತಿಲ್ಲ. ವಂತಿಗೆ ನಾನು ಕಟ್ಟುತ್ತೇನೆಂದರೆ, ‘ಒಂದೇ ಸವಾರಿಗೆ ಎರಡು ಸಲ ಕಟ್ಟೋಕೆ ನನಗೇನು ತಲೆ ಕೆಟ್ಟಿದೆಯಾ, ಅಳಿಯಂದಿರೇ?’ ಎಂದು ಬಾಯಿ ಮುಚ್ಚಿಸಿದರು. ಹೀಗಾಗಿ ಸಂಜೆ ಕೆಳಗಿನ ಕಲ್ಲುಬೆಂಚಿನಲ್ಲಿ ಕೂರುವ ಗೆಳತಿಯರೊಡನೆ ಅವರು ಬಾಲ್ಕನಿಯಿಂದಲೇ ಟ್ರಂಕ್ ಕಾಲ್ ಮಾಡುತ್ತಾರೆ. ನನ್ನ ಗೊರಕೆಯ ವಿಷಯ ಈಗ ಇಡೀ ಬೀದಿಗೆ ಗೊತ್ತು.

ಮೂರನೆಯ ಮಹಡಿಯ ಹುಡುಗ ಮನೆಯಲ್ಲೇ ಕೂತು ದುಡಿಯುವವನು, ಎಲ್ಲರಿಗಿಂತ ಹೆಚ್ಚು ಕಟ್ಟುವವನು. ‘ನಿಮ್ಮ ಸವಾರಿಗೆ ನಾನು ಕಟ್ಟಬೇಕು, ನನಗೆ ವಯಸ್ಸಾದಾಗ ಈ ಡಬ್ಬ ಗುಜರಿಗೆ ಹೋಗಿರುತ್ತೆ, ಅಲ್ವಾ ಅಜ್ಜಿ?’ ಎಂದು ಅವನು ಕೇಳಿದ. ಡಬ್ಬ ಎಂದದ್ದಕ್ಕೆ ಅವನ ಪರವಾಗಿ ಕ್ಷಮೆ ಕೋರುತ್ತೇನೆ. ‘ನಿನ್ನಂಥೋರು ಕಟ್ಟೋದು ಬಿಟ್ಟರೆ ಇನ್ನೆಲ್ಲಿಗೆ ಹೋಗುತ್ತೋ?’ ಎಂದರು ಅತ್ತೆ. ಇಬ್ಬರ ಮಾತೂ ಸರಿಯಾಗಿದ್ದುದರಿಂದ ಜಗಳ ವಾರಗಟ್ಟಲೆ ನಡೆಯಿತು.

ಜಗಳದ ನಡುವೆ ಆಧಾರಕ್ಕಾಗಿ ನಿಯಮಾವಳಿ ತಿರುವಿದ ಹುಡುಗನ ಕಣ್ಣಿಗೆ ಬಿದ್ದದ್ದು ‘ಸಾಮಾನು ಸಾಗಣೆಗೆ ಶುಲ್ಕವಿಲ್ಲ’ ಎಂಬ ಸಾಲು. ಅಧ್ಯಕ್ಷರು ತಮ್ಮ ಆಸ್ಪತ್ರೆಯ ಹಳೆಯ ಬೀರು, ಡಬ್ಬಿಗಳನ್ನು ತಾರಸಿಗೆ ಏರಿಸಲು ತಾವೇ ಬರೆದುಕೊಂಡದ್ದು. ಹೋದ ವಾರ ಒಂದು ಸಂಜೆ ಅವನು ತಾನು ಕೂತು ಕೆಲಸ ಮಾಡುವ ಚಕ್ರದ ಕುರ್ಚಿಯನ್ನು ನಮ್ಮ ಬಾಗಿಲಿಗೆ ತಂದ, ಅತ್ತೆಯವರು ಸೀರೆ ಸರಿಮಾಡಿಕೊಂಡು ಕೂತರು, ಅವನು ಕುರ್ಚಿಯ ಬೆನ್ನಿಗೆ ‘ಒಡೆಯುವ ವಸ್ತು, ಜೋಪಾನ’ ಎಂದು ಚೀಟಿ ಅಂಟಿಸಿ ತಮ್ಮೊಳಗೆ ತಳ್ಳಿದ. ತಾವು ಹುಬ್ಬೇರಿಸದೆ ಅವರನ್ನು ಕೆಳಗಿಳಿಸಿದ ಘನತೆಗೆ ಎಷ್ಟು ಹೊಗಳಿದರೂ ಕಡಿಮೆ. ಬೆಂಚಿನ ಬಳಿ ಎದ್ದ ಕೇಕೆ ನನಗೆ ನಾಲ್ಕನೆಯ ಮಹಡಿಗೆ ಕೇಳಿಸಿತು.

ಇನ್ನು ನನ್ನ ಬಿನ್ನಹ ಇಷ್ಟೇ: ಮುಂದಿನ ಮಹಾಸಭೆಯ ದಿನ ತಾವು ಅಧ್ಯಕ್ಷರೊಬ್ಬರನ್ನೇ ಒಳಗೆ ಕೂರಿಸಿಕೊಂಡು, ಎರಡು ಮಹಡಿಗಳ ನಡುವೆ ನಿಂತು, ಅವರಿಗೆ ಎಪ್ಪತ್ತು ತುಂಬುವವರೆಗೆ ಕದಲಬಾರದೆಂದು ಬೇಡುತ್ತೇನೆ. ಅವರಿಗೀಗ ಐವತ್ತೆಂಟು.

ಏರಿಳಿತಗಳಲ್ಲಿ ಸದಾ ತಮ್ಮ ವಿಶ್ವಾಸಿ,
ಒಡೆಯುವ ವಸ್ತುವಿನ ಅಳಿಯ

ತಾಜಾ ಕಲಂ: ‘ಮಾತನಾಡುವ ಸಾಮಾನಿಗೆ ಪೂರ್ತಿ ದರ’ ಎಂದು ಅಧ್ಯಕ್ಷರು ಮೂರು ದಿನದ ಹಿಂದೆ ನೋಟಿಸ್ ಹಚ್ಚಿದ್ದಾರೆ. ಅಂದಿನಿಂದ ಅತ್ತೆಯವರು ನಾಲ್ಕು ಮಹಡಿಯೂ ತುಟಿ ಬಿಗಿದುಕೊಂಡೇ ಇಳಿಯುತ್ತಾರೆ. ನನ್ನ ಮದುವೆಯಾದಂದಿನಿಂದ ಇಂಥ ಮೌನ ಕಂಡಿರಲಿಲ್ಲ. ದಯವಿಟ್ಟು ಇನ್ನೂ ಸ್ವಲ್ಪ ನಿಧಾನವಾಗಿ ಇಳಿಯಿರಿ. ಹಾಗೂ ಅಧ್ಯಕ್ಷರಿಗೆ ನನ್ನ ಓಟು ಖಾತ್ರಿ ಎಂಬುದನ್ನು ಸಾಮಾನಿನ ಕಿವಿಗೆ ಹಾಕಬೇಡಿ.