ದೊಡ್ಡ ಎನ್ ಅಕ್ಷರದ ಹಿಂಬಡ್ತಿ ಪ್ರಕರಣ

ವಿವಾಹ ನೋಂದಣಿ ಕಚೇರಿಯ ಹೊಸ ಕಂಪ್ಯೂಟರು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಿ, ಊರಿನಲ್ಲಿ ಯಾರಿಗೂ ಹೆಸರಿಲ್ಲವೆಂದು ತಿಳಿಸಿತು.

ಇದನ್ನು ಮೊದಲು ಓದಿದವಳು ಎಲ್ಲರೂ ಕಂಪ್ಯೂಟರಕ್ಕ ಎಂದು ಕರೆಯುವ ಗುಮಾಸ್ತೆ. ಕಿಟಕಿಯಾಚೆ ಒಬ್ಬ ನರ್ಸು, ಅವಳ ಕೈಹಿಡಿಯಲಿದ್ದ ಲಾರಿ ಡ್ರೈವರು ನಿಂತಿದ್ದರು. ಶುಕ್ರವಾರದೊಳಗೆ ಮದುವೆಯ ಪ್ರಮಾಣಪತ್ರ ತೋರಿಸದಿದ್ದರೆ ನರ್ಸಿಗೆ ಆಸ್ಪತ್ರೆಯ ಕ್ವಾರ್ಟರ್ಸ್ ಕೈತಪ್ಪುತ್ತಿತ್ತು. ಅಕ್ಕ ಎಷ್ಟು ಸಲ ಗುಂಡಿ ಒತ್ತಿದರೂ ಪರದೆಯದು ಒಂದೇ ರಾಗ: ‘ನೇಮ್ ಎಂಬ ಅಂಕಣ ಇಲ್ಲ.’

ಕಂಪನಿಯ ಇಂಜಿನಿಯರು ಬಂದು ನೋಡಿದ.

“ಹೆಸರು ತುಂಬೋ ಅಂಕಣ ಇದೆ ಮೇಡಂ. ಮಾಡಿದವರು ನೇಮ್ ಅನ್ನೋದಕ್ಕೆ ಇಂಗ್ಲಿಷಿನ ದೊಡ್ಡ ಎನ್ ಹಾಕಿ, ಉದ್ಧರಣ ಚಿಹ್ನೆಯೊಳಗೆ ಕೂರಿಸಿಬಿಟ್ಟಿದ್ದಾರೆ. ನೀವು ಕೇಳ್ತಿರೋದು ಚಿಕ್ಕ ಎನ್. ಹಳೇ ಯಂತ್ರಕ್ಕೆ ಎರಡೂ ಒಂದೇ ಆಗಿತ್ತು. ಇದಕ್ಕೆ ಬೇರೆ ಬೇರೆ.”

“ಹಾಗಾದ್ರೆ ನಾವೂ ಆ ಚಿಹ್ನೆ ಹಾಕಿ, ದೊಡ್ಡ ಎನ್ನಲ್ಲೇ ಕೇಳಿದ್ರಾಯ್ತು!” ಅಕ್ಕನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಕಚೇರಿಯ ಮುಖ್ಯಸ್ಥರಾದ ಸಾಹೇಬರು ತಮ್ಮ ಕೋಣೆಯಿಂದ ಹೊರಬಂದರು. “ಚಿಕ್ಕದನ್ನ ದೊಡ್ಡದು ಮಾಡೋದು ಅಂದ್ರೆ ಬಡ್ತಿ ಅಲ್ವೇನಮ್ಮಾ? ಉಳಿದ ಅಕ್ಷರಗಳು ಸುಮ್ಮನಿರ್ತಾವಾ? ಹಿರಿತನ ನೋಡ್ಬೇಡ್ವಾ?”

ಹಿರಿತನ ನೋಡಲಾಯಿತು. ಅಕ್ಷರಮಾಲೆಯ ಪ್ರಕಾರ ನೇಮ್‌ನ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ‘ಎ’ ಎಲ್ಲಕ್ಕಿಂತ ಹಿರಿಯದೆಂದು ಕಂಡುಬಂದದ್ದರಿಂದ ಅದಕ್ಕೇ ಬಡ್ತಿ ನೀಡಲಾಯಿತು. ಅಂಥ ಅಂಕಣವೂ ಇಲ್ಲವೆಂದು ಕಂಪ್ಯೂಟರು ತಿಳಿಸಿತು.

“ಅಂಕಣದ ಎನ್ನನ್ನೇ ಚಿಕ್ಕದು ಮಾಡ್ಲಾ ಸಾರ್?” ಎಂದ ಇಂಜಿನಿಯರು.

“ಅದು ಹಿಂಬಡ್ತಿ. ವಿಚಾರಣೆ ಇಲ್ಲದೆ ಆಗಲ್ಲ.”

ಪರದೆಯ ಮೇಲೆ ನೋಟಿಸು ಅಂಟಿಸಲಾಯಿತು: ‘ತಮ್ಮನ್ನು ಏಕೆ ಚಿಕ್ಕದಾಗಿಸಬಾರದು ಎಂಬ ಬಗ್ಗೆ ಸಮಜಾಯಿಷಿ ನೀಡತಕ್ಕದ್ದು.’ ಆಪಾದಿತ ಅಕ್ಷರ ತುಟಿ ಪಿಟಕ್ಕೆನ್ನಲಿಲ್ಲ. ಅದನ್ನು ಉದ್ಧಟತನವೆಂದು ದಾಖಲಿಸಿ ವಿಚಾರಣೆಯನ್ನು ಮುಂದೂಡಲಾಯಿತು.

ಶುಕ್ರವಾರ ನರ್ಸಿನ ಕಣ್ಣು ತುಂಬಿ ಬಂತು. “ಹೆಸರಿಲ್ಲದಿದ್ರೆ ಬೇಡ ಬಿಡಿ ಅಕ್ಕಾ, ಮದುವೆಯೊಂದು ಆಗ್ಲಿ. ನಾನು ಇವರನ್ನ ಕರೆಯೋದು ಹೇಗಿದ್ರೂ ‘ರೀ’ ಅಂತಾನೇ.”

“ನಾನೂ ‘ಇವಳೇ’ ಅಂತೀನಿ,” ಎಂದ ಡ್ರೈವರು, ನೆಲ ನೋಡುತ್ತಾ.

ಅಕ್ಕ ಎದ್ದು ಸೀದಾ ಸಾಹೇಬರ ಕೋಣೆಗೆ ನುಗ್ಗಿದಳು. “ಸಾರ್, ಮದುವೆಗೆ ಹೆಸರು ಇರಲೇಬೇಕು ಅಂತ ಯಾವ ನಿಯಮದಲ್ಲಿದೆ?”

ಸಾಹೇಬರು ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. “ಎಲ್ಲೂ ಇಲ್ವಲ್ಲಮ್ಮಾ! ಇರುತ್ತೆ ಅಂತ ನಾವೇ ಅಂದ್ಕೊಂಡಿದ್ವಿ.”

ಮಧ್ಯಾಹ್ನಕ್ಕೆಲ್ಲ ಪ್ರಮಾಣಪತ್ರ ಸಿದ್ಧವಾಯಿತು: ‘ಶ್ರೀ ರೀ ಹಾಗೂ ಶ್ರೀಮತಿ ಇವಳೇ ಇವರ ವಿವಾಹವನ್ನು ನೋಂದಾಯಿಸಲಾಗಿದೆ.’ ಆಸ್ಪತ್ರೆಯ ಕಂಪ್ಯೂಟರೂ ಅದೇ ಕಂಪನಿಯದಾದ್ದರಿಂದ ಅಲ್ಲಿಯೂ ಯಾರೂ ಹೆಸರು ಕೇಳಲಿಲ್ಲ. ಸಂಜೆ ಕ್ವಾರ್ಟರ್ಸಿನ ಬೀಗದ ಕೈ ಸಿಕ್ಕಿತು. ನರ್ಸು ಓಡಿ ಬಂದು ಅಕ್ಕನನ್ನು ತಬ್ಬಿಕೊಂಡಳು.

ಅಂದಿನಿಂದ ಎಲ್ಲ ಜೋಡಿಗಳಿಗೂ ಅದೇ ಒಕ್ಕಣೆ. ವರ್ಷದ ಕೊನೆಗೆ ಮೇಲಧಿಕಾರಿಗಳು ಪರಿಶೀಲಿಸಿದಾಗ, ಹೆಸರಿನ ಕಾಗುಣಿತ ತಪ್ಪಾಗಿದೆ ಎಂಬ ಒಂದು ದೂರೂ ಬಾರದ ಏಕೈಕ ಕಚೇರಿ ಇದೆಂದು ತಿಳಿದು, ಅತ್ಯುತ್ತಮ ನೌಕರರೊಬ್ಬರಿಗೆ ಪ್ರಶಸ್ತಿ ಘೋಷಿಸಿದರು. ಫಲಕದ ಒಕ್ಕಣೆಯನ್ನೂ ಅದೇ ಕಂಪನಿಯ ಕಂಪ್ಯೂಟರು ಸಿದ್ಧಪಡಿಸಿದ್ದರಿಂದ ಹೆಸರಿನ ಜಾಗ ಖಾಲಿಯಿತ್ತು.

ಸಮಾರಂಭದಲ್ಲಿ ‘ಅತ್ಯುತ್ತಮ ನೌಕರರು ಬರಬೇಕು’ ಎಂದು ಕರೆದಾಗ ಸಾಹೇಬರಿಂದ ಹಿಡಿದು ಜವಾನನವರೆಗೆ ಎಲ್ಲರೂ ಒಟ್ಟಿಗೆ ಎದ್ದು ವೇದಿಕೆಗೆ ನಡೆದರು. ಕಂಪ್ಯೂಟರಕ್ಕ ಒಂದು ಗಳಿಗೆ ಕೂತು ಯೋಚಿಸಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ತಾನೂ ಸಾಲಿನಲ್ಲಿ ನಿಂತಳು.