ಬಾವಿಯ ತಳದ ನಕ್ಷೆ

ಸುಬ್ರಮಣಿಗೆ ಸಮುದ್ರ ಇರಲಿಲ್ಲ. ಇದ್ದದ್ದು ನೀರೊಳಗೆ ಓಡುವ ಒಂದು ಕ್ಯಾಮೆರಾ ಗಾಡಿ. ಆಳವಿಲ್ಲದ ಕಡಲಿನ ತಳವನ್ನು ಫೋಟೋ ಹೊಡೆದು ನಕ್ಷೆ ಮಾಡುವ ಅದನ್ನು ರಾಬರ್ಟ್‌ಸನ್‌ಪೇಟೆಯ ಬಾಡಿಗೆ ಕೋಣೆಯಲ್ಲಿ ಎರಡು ವರ್ಷ ಕೂತು ಕಟ್ಟಿದ್ದ. ಯಾವುದಾದರೂ ನೀರಿನ ತಳದ ನಕ್ಷೆ ಆ ದಿನ ಸಂಜೆ ಐದರೊಳಗೆ ಬಂದರೆ ಕೆಲಸ ನಿನಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಕರಾವಳಿಯ ಸಂಸ್ಥೆಯೊಂದು ಹೇಳಿತ್ತು.

ಕೆರೆಯ ನೀರು ಹುರುಳಿ ಬೇಯಿಸಿದ ಕಟ್ಟಿನ ಹಾಗಿತ್ತು. ಕೃಷಿ ಹೊಂಡದ ತಳದಲ್ಲಿ ಬರೀ ಪ್ಲಾಸ್ಟಿಕ್ ಹಾಳೆ. ಕೊನೆಗೆ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಚಿಕ್ಕಮುನಿಯಪ್ಪನ ತೆರೆದ ಬಾವಿ ಸಿಕ್ಕಿತು. ಅವನು ಊರಲ್ಲಿರಲಿಲ್ಲ. ಹೆಂಡತಿ ಆದಿಲಕ್ಷ್ಮಮ್ಮ ಒಪ್ಪಿದಳು, ಬಿದ್ದುಹೋದ ತಾಮ್ರದ ಬಿಂದಿಗೆ ತೋರಿಸಿಕೊಡಬೇಕೆಂಬ ಷರತ್ತಿನ ಮೇಲೆ.

ಗಾಡಿ ಬಾವಿಗಿಳಿಯಿತು. ಅದರ ಚಿತ್ರ ಬರುತ್ತಿದ್ದ ಲ್ಯಾಪ್‌ಟಾಪಿನ ಮೇಲೆ ಊರೆಲ್ಲ ನೊಣದಂತೆ ಮುತ್ತಿತು. ಪರದೆಯಲ್ಲಿ ಏನೇ ಹೊಳೆದರೂ ಆದಿಲಕ್ಷ್ಮಮ್ಮ ಕೊಕ್ಕೆಗಳ ಪಾತಾಳಗರಡಿಯನ್ನು ಇಳಿಬಿಟ್ಟಳು. ಎರಡು ಸಲ ಅದು ಗಾಡಿಯ ಕೇಬಲ್ಲಿಗೇ ಸಿಕ್ಕಿಕೊಂಡಿತು. ಸುಬ್ರಮಣಿ ಹಲ್ಲು ಕಚ್ಚಿ ಬಿಡಿಸಿದ. ಮೂರನೆಯ ಸಲ ಬೈದೇಬಿಟ್ಟ.

"ನನ್ ಬಾವಿ ಕಣ್ಲಾ. ನಿನ್ ಮೀನ್ ಗಾಡಿ ಬೇಕಾದ್ರೆ ಆಚೆಗೆ ತಕ್ಕೊ," ಎಂದಳು.

ನಾಲ್ಕು ಗಂಟೆಗೆ ನಕ್ಷೆ ಮುಗಿಯಿತು. ಅದರ ನಟ್ಟನಡುವೆ ಒಂದು ಪಂಪ್‌ಸೆಟ್ ಮೋಟಾರು ಬಿದ್ದಿತ್ತು. ಮೇಲೆ ಬಿಳಿ ಬಣ್ಣದಲ್ಲಿ ಚಿಕ್ಕಮುನಿಯಪ್ಪನ ಹೆಸರು. ಆ ಮೋಟಾರು ಕದ್ದನೆಂದು ಚಿಕ್ಕಮುನಿಯಪ್ಪ ಪಕ್ಕದ ಹೊಲದ ಮುನಿಸ್ವಾಮಪ್ಪನ ಮೇಲೆ ಕೇಸು ಹಾಕಿ ಆರು ತಿಂಗಳಾಗಿತ್ತು.

ಅಷ್ಟರಲ್ಲಿ ಮೊಪೆಡ್ಡಿನಲ್ಲಿ ಬಂದಿಳಿದ ಚಿಕ್ಕಮುನಿಯಪ್ಪ ಪರದೆ ನೋಡಿದ. ಕುಡುಗೋಲು ಎತ್ತಿ ಕೇಬಲ್ ಕತ್ತರಿಸಿದ. ಮೇಲೆಳೆಯುತ್ತಿದ್ದ ಗಾಡಿ ಗುಳುಕ್ಕೆಂದು ಮುಳುಗಿತು.

"ಅದನ್ನೂ ತತ್ತಾ ಇಲ್ಲಿ," ಎಂದು ಲ್ಯಾಪ್‌ಟಾಪಿಗೆ ಕೈ ಚಾಚಿದ.

ಸುಬ್ರಮಣಿಯ ಮೈ ಉರಿದುಹೋಯಿತು. ಕೊಲ್ಲುವಷ್ಟು ಸಿಟ್ಟಿದ್ದರೂ ಲ್ಯಾಪ್‌ಟಾಪನ್ನು ಎದೆಗವಚಿಕೊಂಡ. ನಕ್ಷೆ ಅದರಲ್ಲಿತ್ತು. ಊರಲ್ಲಿ ಸಿಗ್ನಲ್ ಇರಲಿಲ್ಲ.

ಗುಂಪಿನಲ್ಲಿದ್ದ ಮುನಿಸ್ವಾಮಪ್ಪ ಅಡ್ಡ ಬಂದ. "ಉಡುಗನ್ನ ಮುಟ್ಟಿದ್ರೆ ಕೈ ಮುರೀತೀನಿ," ಎಂದ. ಆಮೇಲೆ ಸುಬ್ರಮಣಿಯ ಕಡೆ ತಿರುಗಿ, "ಅತ್ತು ಬೈಕು. ನೆಟ್‌ವರ್ಕ್ ಇರೋ ಕಡೆ ಕರ್ಕೊಂಡು ಓಗ್ತೀನಿ," ಎಂದ.

ದಿನವಿಡೀ ಸಿಕ್ಕಿದ ಒಬ್ಬನೇ ಮನುಷ್ಯ ಎಂದುಕೊಂಡು ಸುಬ್ರಮಣಿ ಹತ್ತಿದ. ಬೈಕು ನಿಂತದ್ದು ಪೊಲೀಸ್ ಠಾಣೆಯ ಮುಂದೆ. ಅವನು ಇಳಿಯುವ ಮೊದಲೇ ಮುನಿಸ್ವಾಮಪ್ಪ ಲ್ಯಾಪ್‌ಟಾಪ್ ಕಸಿದುಕೊಂಡು ಸಾಹೇಬರ ಮೇಜಿನ ಮೇಲಿಟ್ಟ.

"ಸಾಕ್ಷಿ ಸ್ವಾಮಿ."

ಸಾಹೇಬರು ಅದನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿಸಿದರು. ಐದಕ್ಕೆ ಹತ್ತು ನಿಮಿಷವಿತ್ತು. ಒಂದೇ ಒಂದು ಫೈಲು ಕಳಿಸಿಕೊಳ್ಳುತ್ತೇನೆಂದು ಸುಬ್ರಮಣಿ ಕೂಗಾಡಿದ. ಕೋರ್ಟಿನಲ್ಲಿ ಕೇಳು ಎಂದರು.

"ಬೇಕಾದ್ರೆ ಫೋನಾಗೆ ಕಳ್ಸಪ್ಪಾ," ಎಂದ ಮುನಿಸ್ವಾಮಪ್ಪ, ನಿಜವಾದ ಕಾಳಜಿಯಿಂದ. "ಇಲ್ಲಿ ನೆಟ್‌ವರ್ಕ್ ಚೆನ್ನಾಗೈತೆ."

ಆ ದಿನ ಹೋದದ್ದು ಒಂದು ಗಾಡಿ, ನಲವತ್ತು ಮೀಟರ್ ಕೇಬಲ್, ಒಂದು ಲ್ಯಾಪ್‌ಟಾಪ್, ಒಂದು ಕೆಲಸ.